ಗಿಯರ್ ತಿರುಗಲೇಬೇಕು: ಮಾಡಬೇಕಾದ್ದು, ಮಾಡಬಾರದ್ದು

ಬಿ.ಸಿ.ರೋಡಿನ ನಮ್ಮ ಮನೆಯ ಮಾಳಿಗೆ ಕೋಣೆಗೆ ಬರುವ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಇಲ್ಲಿ ಮೇಜಿನ ಮೇಲೂ ಕಪಾಟಿನಲ್ಲೂ ಮಂಚದಡಿಯಲ್ಲೂ ಇರುವ ಲಾರಿ, ಕ್ರೇನು, ಹಿಟಾಚಿ, ಬಸ್ಸುಗಳು ಶೋಕೇಸಿನ ಗೊಂಬೆಗಳಲ್ಲ. ಒಂದೊಂದರ ಹೊಟ್ಟೆಯಲ್ಲೂ ಗಿಯರುಗಳಿವೆ, ಅವು ತಿರುಗುತ್ತವೆ. ನೀವು ಬಂದು ಹೋದ ಮೇಲೂ ತಿರುಗಬೇಕು. ಅದಕ್ಕಾಗಿ ಈ ನೋಟೀಸನ್ನು ಬಾಗಿಲಿಗೆ ಅಂಟಿಸಿದ್ದೇನೆ.

ರಜೆ ಬಂತೆಂದರೆ ತಂಗಿಯ ಮಕ್ಕಳು ಉಜಿರೆಯಿಂದ, ಹೆಂಡತಿಯ ಅಣ್ಣನ ಮಕ್ಕಳು ಮೂಡುಬಿದಿರೆಯಿಂದ, ಪಕ್ಕದ ಮನೆಯವರು ಕಂಪೌಂಡು ಹಾರಿ ಬರುತ್ತಾರೆ. ಈಗ ಅವರ ಮನೆಗಳಲ್ಲೂ ಇಂಥ ಗಾಡಿ ಕಟ್ಟುವ ತುಂಡುಗಳ ಒಂದೊಂದು ಡಬ್ಬಿ ಸೇರಿಕೊಂಡಿದೆ. ಆದಕಾರಣ ಈ ನಿಯಮಗಳು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕಿಗೆ ಅನ್ವಯ. ಮಕ್ಕಳಿಗಿಂತ ಹೆಚ್ಚಾಗಿ ಮಕ್ಕಳ ಅಪ್ಪಂದಿರಿಗೆ. ಮಕ್ಕಳು ಕೇಳಿ ಮುಟ್ಟುತ್ತಾರೆ. ಅಪ್ಪಂದಿರು ಮುಟ್ಟಿದ ಮೇಲೆ ಕೇಳುತ್ತಾರೆ.

ಮೊದಲು ತಿಳಿದಿರಬೇಕಾದ್ದು

ಇಲ್ಲಿರುವುದು ಬಹುಪಾಲು ಲೆಗೊ ಟೆಕ್ನಿಕ್. ಲೆಗೊ ಎಂದರೆ ಡೆನ್ಮಾರ್ಕಿನ ಬಿಲುಂಡ್ ಎಂಬ ಊರಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದ ಕಸುಬು. ಈಗಿನ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಇಟ್ಟಿಗೆಯ ಮೇಲೆ ಇಟ್ಟಿಗೆ ಒತ್ತಿ ಮನೆ ಕಟ್ಟುವ ಆಟಕ್ಕೆ 1977ರಲ್ಲಿ ತೂತಿನ ತೊಲೆ, ಆಕ್ಸಲು, ಗಿಯರು ಸೇರಿದವು. ಆ ವರ್ಷ ಬಂದ ಕಾರಿಗೆ ಸ್ಟಿಯರಿಂಗ್ ಇತ್ತು, ತಳ್ಳಿದರೆ ನಾಲ್ಕು ಪಿಸ್ಟನ್ ಮೇಲೆ ಕೆಳಗೆ ಆಡುತ್ತಿದ್ದವು, ಬಾಡಿ ಮಾತ್ರ ಇರಲಿಲ್ಲ. ಬರೀ ಚಾಸಿ. ನನ್ನ ಮಟ್ಟಿಗೆ ಕ್ರಮ ಅಂದರೆ ಅದೇ. ಮೊದಲು ಒಳಗಿನದ್ದು, ಆಮೇಲೆ ಮೈಮೇಲಿನದ್ದು.

ನನ್ನ ತಂದೆ ಲೈನ್ ಬಸ್ಸಿನ ಮೆಕ್ಯಾನಿಕ್ ಆಗಿದ್ದವರು. ಬಸ್ಸಿನ ಅಡಿಯಲ್ಲಿ ಗೋಣಿ ಹಾಸಿ ಮಲಗಿ "ಹದಿನಾಲ್ಕರ ಸ್ಪ್ಯಾನರ್ ಕೊಡು" ಎಂದು ಕೈಚಾಚುತ್ತಿದ್ದರು. ಬಸ್ಸನ್ನು ಹೊರಗಿನಿಂದ ನೋಡುವ ಮೊದಲೇ ನಾನು ಅಡಿಯಿಂದ ನೋಡಿದ್ದೆ ಎಂದರೆ ತಪ್ಪಿಲ್ಲ. ಆಮೇಲೆ ಮೆಕ್ಯಾನಿಕ್ಸ್ ಎಂಬ ಲೋಹದ ಪಟ್ಟಿಗಳ ಪೆಟ್ಟಿಗೆ ಕೈಗೆ ಬಂತು. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ ಮೆಕಾನೊದ ವಂಶದ ಆಟ ಅದು. ತೂತಿನ ಪಟ್ಟಿ, ಬೋಲ್ಟು, ನಟ್ಟು. ನಮ್ಮ ಆಟಿ ತಿಂಗಳ ಮಳೆಗೆ ಬೋಲ್ಟುಗಳಿಗೆ ತುಕ್ಕು ಬಂತು, ಆಟ ಅಲ್ಲಿಗೆ ನಿಂತಿತು. ಮತ್ತೆ ಶುರುವಾದದ್ದು ನಲವತ್ತರ ಮೇಲೆ, ನನ್ನದೇ ಸಂಬಳದಲ್ಲಿ.

ಕೊಳ್ಳುವ ಮೊದಲು

"ಇದು ಪ್ಲಾಸ್ಟಿಕ್ ಅಲ್ವಾ ಮಾರಾಯ್ರೇ, ಇದಕ್ಕೆ ಇಷ್ಟು ರೇಟಾ?" ಎಂದು ಈ ಕೋಣೆಯಲ್ಲಿ ಕೇಳಬಾರದು. ಉತ್ತರ ಇಲ್ಲೇ ಬರೆದಿದ್ದೇನೆ. ಹೊರದೇಶದಿಂದ ಬರುವ ಆಟಿಕೆಯ ಮೇಲೆ ಶೇಕಡ 20 ಇದ್ದ ಆಮದು ಸುಂಕ 2020ರಲ್ಲಿ 60 ಆಯಿತು, 2023ರಲ್ಲಿ 70 ಆಯಿತು. ಇದು ಒಂದು. ಎರಡನೆಯದು ಅಳತೆ. ಒಂದು ತೂತಿನ ನಡುವಿನಿಂದ ಮುಂದಿನ ತೂತಿನ ನಡುವಿಗೆ ಸರಿಯಾಗಿ 8 ಮಿಲಿಮೀಟರ್. ಮೂವತ್ತು ವರ್ಷ ಹಳೆಯ ಪಿನ್ನನ್ನು ನಿನ್ನೆ ತಂದ ತೊಲೆಗೆ ಒತ್ತಿದರೆ ಅದೇ ಬಿಗಿ, ಅದೇ ಸದ್ದು. ಸಾವಿರಾರು ತುಂಡು ಸೇರುವಲ್ಲಿ ಒಂದೊಂದು ಕೂದಲೆಳೆಯಷ್ಟು ತಪ್ಪಿದರೂ ಕೊನೆಗೆ ಬಾಗಿಲು ಮುಚ್ಚುವುದಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಇಲ್ಲಿ ಲೆಕ್ಕ ಅದರ ತದ್ವಿರುದ್ಧ.

ತುಂಡುಗಳ ಸಂಖ್ಯೆ ನೋಡಿ ಕೊಳ್ಳಬಾರದು. 2018ರ ಬುಗಾಟಿ ಶಿರಾನ್ ಮಾದರಿಯಲ್ಲಿ 3599 ತುಂಡುಗಳಿವೆ, ಒಳಗೆ ಎಂಟು ಸ್ಪೀಡಿನ ಗಿಯರ್‌ಬಾಕ್ಸ್ ಇದೆ. ಕಟ್ಟುವಾಗ ಸ್ವರ್ಗ. ಕಟ್ಟಿ ಮುಗಿಸಿ ನೀಲಿ ಬಾಡಿ ಹೊದೆಸಿದ ಮೇಲೆ ಆ ಗಿಯರ್‌ಬಾಕ್ಸನ್ನು ನೋಡುವವರು ಯಾರು? ನೆಲದ ಮೇಲೆ ಒತ್ತಿ ತಳ್ಳಿದರೆ ಒಳಗೆಲ್ಲೋ ಗರಗರ ಎನ್ನುತ್ತದೆ, ಅಷ್ಟೇ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ಕೆಲಸದ ಗಾಡಿ ಕೊಳ್ಳತಕ್ಕದ್ದು ಎಂಬುದು ಈ ಕೋಣೆಯ ನಿಯಮ. 2011ರ ಉನಿಮಾಗ್ ಲಾರಿ ಇದೆ, 2048 ತುಂಡು. ಗಾಳಿ ಪಂಪಿನಿಂದ ಅದರ ಕ್ರೇನ್ ಏಳುತ್ತದೆ. 2015ರ ಅರೋಕ್ಸ್ ಲಾರಿ ಇದೆ. ಇವುಗಳಲ್ಲಿ ಮಾಡುವ ಕೆಲಸವೇ ಗಾಡಿಯ ಅಂದ.

ನಮ್ಮ ಟಾಟಾ 407, ಕೆಂಪುಕಲ್ಲಿನ ಲಾರಿ, ಬೋರ್‌ವೆಲ್ ಗಾಡಿ, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಮೂಡುಬಿದಿರೆಗೆ ಹಾರಿಕೊಂಡು ಬರುವ ಎಕ್ಸ್‌ಪ್ರೆಸ್ ಬಸ್ಸು ಇವು ಯಾವ ಡಬ್ಬಿಯಲ್ಲೂ ಬರುವುದಿಲ್ಲ. ಅವನ್ನು ನಾವೇ ಕಟ್ಟಬೇಕು. ಹಾಗಾಗಿ ಒಂದು ಡಬ್ಬಿಯನ್ನು ಪುಸ್ತಕದಲ್ಲಿರುವಂತೆ ಒಮ್ಮೆ ಕಟ್ಟಿ, ಒಂದು ತಿಂಗಳು ಆಡಿ, ಬಿಚ್ಚತಕ್ಕದ್ದು. ಬಿಚ್ಚಲು ಮನಸ್ಸಾಗದವರು ಫೋಟೊ ತೆಗೆದಿಟ್ಟುಕೊಳ್ಳಬಹುದು.

ಮಕ್ಕಳಿಗೆ ಕೊಳ್ಳುವುದಾದರೆ ಐಎಸ್‌ಐ ಮುದ್ರೆ ನೋಡಬೇಕು. 2021ರ ಜನವರಿ 1ರಿಂದ ಅದು ಕಡ್ಡಾಯ. ಮೂರು ವರ್ಷದೊಳಗಿನ ಮಗು ಇರುವ ಮನೆಯಲ್ಲಿ ನೆಲದ ಮೇಲೆ ಒಂದೇ ಒಂದು ತುಂಡು ಇರಕೂಡದು. ಪಿನ್ ಎಂಬುದು ಹುರಿಗಡಲೆಗಿಂತ ಸ್ವಲ್ಪ ದೊಡ್ಡದು, ಮಗುವಿಗೆ ಎರಡೂ ಒಂದೇ.

ಕಟ್ಟುವಾಗ

ಕೈ ತೊಳೆಯಬೇಕು. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು ತಿಂದ ಕೈ ಬಟ್ಟೆಗೆ ಒರೆಸಿದರೆ ಸಾಲದು, ಸೋಪು ಹಾಕಿ ತೊಳೆಯಬೇಕು.

ತುಂಡುಗಳನ್ನು ಗೆರಸೆಯಲ್ಲಿ ಹರಡಿಕೊಳ್ಳಬೇಕು. ಪೇಪರಿನ ಮೇಲೆ ಹರಡಬಾರದು. ಫ್ಯಾನ್ ಹಾಕಿದ ಕೂಡಲೆ ಪೇಪರು ಏಳುತ್ತದೆ, ಪಿನ್ನುಗಳು ಮಂಚದಡಿ ಓಡುತ್ತವೆ. ಗೆರಸೆಗೆ ಮೂರು ಕಡೆ ಅಂಚು ಇದೆ, ನಾಲ್ಕನೆಯ ಕಡೆ ನೀವಿದ್ದೀರಿ. ಅಡಿಗೆಮನೆಯಿಂದ ಕೇಳಿ ತರತಕ್ಕದ್ದು. ಕೇಳದೆ ತಂದು ನಾನು ಒಮ್ಮೆ ಅಕ್ಕಿ ಆರಿಸುವ ಹೊತ್ತಿನಲ್ಲಿ ಬೈಸಿಕೊಂಡಿದ್ದೇನೆ.

ಪಿನ್ನಿನ ಬಣ್ಣ ಅಲಂಕಾರಕ್ಕಲ್ಲ. ಕಪ್ಪು ಪಿನ್ನಿನ ಮೈಮೇಲೆ ಸಣ್ಣ ಏಣುಗಳಿವೆ, ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ. ಬೂದು ಬಣ್ಣದ್ದು ನುಣುಪು, ಸಲೀಸಾಗಿ ತಿರುಗುತ್ತದೆ. ಉದ್ದ ಪಿನ್ನಿನಲ್ಲಿ ನೀಲಿ ಬಿಗಿ, ಮರಳಿನ ಬಣ್ಣದ್ದು ಸಡಿಲ. ನಿಲ್ಲಬೇಕಾದಲ್ಲಿ ಬಿಗಿ, ಆಡಬೇಕಾದಲ್ಲಿ ಸಡಿಲ. ಹಿಟಾಚಿಯ ಬಕೆಟ್ಟಿನ ಕೀಲಿಗೆ ಬೂದು ಸಿಗಲಿಲ್ಲ ಅಂತ ಕಪ್ಪು ಹಾಕಿದವರು ಆಮೇಲೆ "ಮೋಟರ್ ಎಳೆಯುವುದಿಲ್ಲ" ಎಂದು ನನ್ನ ಹತ್ತಿರ ಬರಕೂಡದು. ಮೋಟರಿನ ತಪ್ಪಲ್ಲ ಅದು.

ಆಕ್ಸಲಿನಲ್ಲಿ ಸಾಮಾನ್ಯವಾಗಿ ಸರಿಸಂಖ್ಯೆಯ ಉದ್ದದವು ಕಪ್ಪು, ಬೆಸಸಂಖ್ಯೆಯವು ಬೂದು. ಹೊಸ ಡಬ್ಬಿಗಳಲ್ಲಿ ಬೇರೆ ಬಣ್ಣಗಳೂ ಬರುತ್ತಿರುವುದರಿಂದ ಬಣ್ಣವನ್ನು ಪೂರ್ತಿ ನಂಬಬಾರದು. ಪುಸ್ತಕದಲ್ಲಿ ಆಕ್ಸಲಿನ ಚಿತ್ರ ಅದರ ನಿಜವಾದ ಅಳತೆಯಲ್ಲೇ ಅಚ್ಚಾಗಿರುತ್ತದೆ. ಕೈಯಲ್ಲಿರುವುದನ್ನು ಚಿತ್ರದ ಮೇಲಿಟ್ಟು ನೋಡಿಯೇ ಮುಂದಕ್ಕೆ ಹೋಗಬೇಕು.

ಮುಂದಿನದು ಈ ನೋಟೀಸಿನ ಮುಖ್ಯ ನಿಯಮ, ದೊಡ್ಡಕ್ಷರದಲ್ಲಿ ಬರೆದಿದ್ದೇನೆಂದು ತಿಳಿದುಕೊಳ್ಳಿ. ಒಂದೊಂದು ಗಿಯರು ಸೇರಿಸಿದ ಮೇಲೂ ಬೆರಳಲ್ಲಿ ಆಕ್ಸಲು ತಿರುಗಿಸಿ ನೋಡತಕ್ಕದ್ದು. ಸಲೀಸಾಗಿ ತಿರುಗಿದರೆ ಮುಂದಿನ ಪುಟ. ಎಲ್ಲಾದರೂ ಬಿಗಿ ಅನ್ನಿಸಿತೋ, ಅಲ್ಲೇ ನಿಲ್ಲಬೇಕು. "ಕೊನೆಗೆ ಸರಿಹೋಗ್ತದೆ" ಎಂಬ ಮಾತು ಈ ಕೋಣೆಯಲ್ಲಿ ನಿಷೇಧ. ಕೊನೆಗೆ ಯಾವುದೂ ತಾನಾಗಿ ಸರಿಹೋಗುವುದಿಲ್ಲ. ಒಂದು ಕ್ರೇನಿನಲ್ಲಿ, ಆಕ್ಸಲು ಸರಿಯದಂತೆ ಹಿಡಿಯುವ ಅರ್ಧ ತೂತಿನಗಲದ ಒಂದು ಬುಷ್ ಬಿಟ್ಟುಹೋದದ್ದು ನನಗೆ ಗೊತ್ತಾದದ್ದು ತೊಂಬತ್ತು ಹೆಜ್ಜೆ ದಾಟಿದ ಮೇಲೆ, ರಾತ್ರಿ ಹನ್ನೊಂದಕ್ಕೆ. ಅವತ್ತು ಬಿಚ್ಚಲು ಕಟ್ಟಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಬುಷ್ ಹಾಕುವಾಗ ತೊಲೆಗೆ ಒತ್ತಿ ಬಿಗಿ ಮಾಡಬಾರದು. ಒಂದು ಕಾಗದ ಹೋಗುವಷ್ಟು ಸಂದು ಬಿಡಬೇಕು. ಆಕ್ಸಲಿಗೆ ಎರಡು ಕಡೆ ಆಸರೆ ಇರಬೇಕು. ಒಂದೇ ಕಡೆ ಹಿಡಿದ ಆಕ್ಸಲು ಭಾರ ಬಿದ್ದಾಗ ವಾಲುತ್ತದೆ, ವಾಲಿದರೆ ಹಲ್ಲು ಜಾರುತ್ತದೆ, ಜಾರಿದ ಹಲ್ಲು ಸವೆಯುತ್ತದೆ.

ಓರೆ ತೊಲೆ ಕೊಡುವಾಗ ಅಂದಾಜು ನಡೆಯುವುದಿಲ್ಲ. ಕೆಂಪುಕಲ್ಲಿನ ಪಾಯ ಹಾಕುವ ಮೇಸ್ತ್ರಿ ಹುರಿ ಹಿಡಿದು ಒಂದು ಬದಿಗೆ 3 ಅಡಿ, ಇನ್ನೊಂದು ಬದಿಗೆ 4 ಅಡಿ ಅಳೆದು, ಓರೆಗೆ 5 ಅಡಿ ಬಂದರೆ ಮೂಲೆ ಸರಿ ಎನ್ನುತ್ತಾನಲ್ಲ, ಇಲ್ಲಿಯೂ ಅದೇ 3, 4, 5. ಮಕ್ಕಳು ತಪ್ಪುವುದು ಒಂದೇ ಕಡೆ. ಇದು ತೂತುಗಳ ಎಣಿಕೆ ಅಲ್ಲ, ತೂತಿನಿಂದ ತೂತಿಗೆ ಇರುವ ಅಂತರದ ಎಣಿಕೆ. ತೂತು ಎಣಿಸಿದರೆ 4, 5, 6 ಬರಬೇಕು. ಬೇರೆ ಲೆಕ್ಕಕ್ಕೆ ತೊಲೆಯನ್ನು ಬಗ್ಗಿಸಿ ಪಿನ್ ಹೊಡೆದರೆ ಕೂರುತ್ತದೆ ನಿಜ, ನಾಲ್ಕು ದಿನ ಬಿಟ್ಟು ನೋಡಿದರೆ ತೊಲೆ ಬಿಲ್ಲಾಗಿರುತ್ತದೆ.

ಗಿಯರಿನ ಲೆಕ್ಕ

ಇಲ್ಲಿ ಸ್ವಲ್ಪ ಕೂತು ಓದಬೇಕು. ಅವಸರವಿದ್ದವರು ಕೆಳಗೆ ಹೋಗಿ ಚಾ ಕುಡಿದು ಬನ್ನಿ.

ಟೆಕ್ನಿಕ್‌ನ ಸಾದಾ ಗಿಯರುಗಳು 8, 16, 24, 40 ಹಲ್ಲಿನವು. ಇವುಗಳ ಹಲ್ಲಿನ ಸಂಖ್ಯೆಯೇ ಮಿಲಿಮೀಟರಿನಲ್ಲಿ ಅವುಗಳ ವ್ಯಾಸ, ಹಲ್ಲು ಕಚ್ಚುವ ಗೆರೆಯಿಂದ ಅಳೆದರೆ. ಆದ್ದರಿಂದ 8ಕ್ಕೆ 24 ಕೂರಿಸಬೇಕಾದರೆ ಅರ್ಧ ಅರ್ಧ ಕೂಡಿಸಿ: 4 ಮತ್ತು 12, ಒಟ್ಟು 16 ಮಿಲಿಮೀಟರ್. ತೂತುಗಳ ಅಂತರ 8 ತಾನೆ? ಎರಡು ತೂತಿನಾಚೆ ಸರಿಯಾಗಿ ಕೂರುತ್ತದೆ. 8ಕ್ಕೆ 40 ಆದರೆ 4 ಮತ್ತು 20, ಅಂದರೆ 24, ಮೂರು ತೂತು. 8ಕ್ಕೆ 16 ಕೂರಿಸಲು ಹೋದರೆ 12 ಬರುತ್ತದೆ, ಒಂದೂವರೆ ತೂತು. ನೇರ ತೊಲೆಯಲ್ಲಿ ಒಂದೂವರೆ ತೂತು ಎಂಬುದಿಲ್ಲ. ಹೀಗೆ ಲೆಕ್ಕ ಹಾಕಿದ ಮೇಲೆಯೇ ಗಿಯರಿಗೆ ಕೈ ಹಾಕತಕ್ಕದ್ದು. ಎಲ್ಲ ತೂತಿಗೂ ಹಾಕಿ ನೋಡುವುದು, ಆಗದಿದ್ದರೆ ಒತ್ತುವುದು, ಕೂಡದು.

ಚಿಕ್ಕದು ದೊಡ್ಡದನ್ನು ತಿರುಗಿಸಿದರೆ ವೇಗ ಇಳಿಯುತ್ತದೆ, ಬಲ ಏರುತ್ತದೆ. 8 ಹಲ್ಲಿನದು 24ರದ್ದನ್ನು ತಿರುಗಿಸಿದರೆ ಮೂರು ಸುತ್ತಿಗೆ ಒಂದು. ಆ ಒಂದರ ಆಕ್ಸಲಿಗೆ ಮತ್ತೆ 8ರದ್ದು ಹಾಕಿ 40ಕ್ಕೆ ಕೊಟ್ಟರೆ ಐದಕ್ಕೆ ಒಂದು. ಎರಡೂ ಸೇರಿ 15 ಸುತ್ತಿಗೆ ಒಂದು. ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಬಾರದು, ಹಲಗೆಯ ಮೇಲೆ ತೋರಿಸಬೇಕು. ನನ್ನ ಹತ್ತಿರ ನಾಲ್ಕಡಿಯ ಒಂದು ಹಲಗೆ ಇದೆ, ಹೆಸರು ಚಾರ್ಮಾಡಿ ಘಾಟಿ. ಒಂದು ತುದಿಯ ಅಡಿಗೆ ಪುಸ್ತಕ ಇಡುತ್ತಾ ಹೋಗುವುದು. ಗಿಯರಿಲ್ಲದ ಗಾಡಿ ಎರಡನೇ ಪುಸ್ತಕಕ್ಕೇ ಕೈಕೊಡುತ್ತದೆ. 15ಕ್ಕೆ ಒಂದರ ಲಾರಿ ಬಸವನಹುಳದ ಹಾಗೆ, ಆದರೆ ನಿಲ್ಲದೆ, ಐದು ಪುಸ್ತಕ ಹತ್ತುತ್ತದೆ. ಉಜಿರೆಯ ಅಳಿಯ ಅದನ್ನು ನೋಡಿದ ದಿನವೇ ಹೇಳಿದ, "ಮಾವ, ಘಾಟಿಯಲ್ಲಿ ಲಾರಿ ಯಾಕೆ ಅಷ್ಟು ಬೊಬ್ಬೆ ಹಾಕಿಕೊಂಡು ಅಷ್ಟು ಮೆಲ್ಲ ಹೋಗುವುದು ಅಂತ ಈಗ ಗೊತ್ತಾಯ್ತು." ಶಾಲೆಯ ಪುಸ್ತಕ ನಾಲ್ಕು ಪುಟದಲ್ಲಿ ಹೇಳುವುದನ್ನು ಹಲಗೆ ನಾಲ್ಕು ನಿಮಿಷದಲ್ಲಿ ಹೇಳಿತ್ತು.

ಮೂರು ಗಿಯರು ಒಂದಕ್ಕೊಂದು ತಾಗುವಂತೆ ಮುಕ್ಕೋಣದಲ್ಲಿ ಕೂರಿಸಬಾರದು. ಯಾವುದೂ ತಿರುಗುವುದಿಲ್ಲ. ಬಿ.ಸಿ.ರೋಡಿನ ಸರ್ಕಲಿಗೆ ಮೂರು ಕಡೆಯಿಂದ ಮೂರು ಬಸ್ಸು ಒಟ್ಟಿಗೆ ನುಗ್ಗಿದ ಹಾಗೆ.

ವರ್ಮ್ ಗಿಯರ್ ಎಂದರೆ ತಿರುಪಿನ ಹಾಗೆ ಇರುವ ಬೂದು ತುಂಡು. ಅದಕ್ಕೆ 24ರ ಗಿಯರು ಸೇರಿಸಿದರೆ 24 ಸುತ್ತಿಗೆ ಒಂದು. ಅದರ ವಿಶೇಷವೇನೆಂದರೆ ತಿರುಪು ಗಿಯರನ್ನು ತಿರುಗಿಸುತ್ತದೆ, ಗಿಯರಿಗೆ ತಿರುಪನ್ನು ತಿರುಗಿಸಲಿಕ್ಕೆ ಆಗುವುದಿಲ್ಲ. ಕ್ರೇನಿನ ಕೊಕ್ಕೆಗೆ ಭಾರ ಕಟ್ಟಿ ಕೈ ಬಿಟ್ಟರೂ ಅದು ಕೆಳಗೆ ಬರದಿರುವುದು ಇದೇ ಕಾರಣಕ್ಕೆ. ಆದ್ದರಿಂದ ಕ್ರೇನಿನ ಹಗ್ಗವನ್ನು ಕೈಯಿಂದ ಜಗ್ಗಬಾರದು. ಚಕ್ರಕ್ಕೆ ವರ್ಮ್ ಕೊಟ್ಟಿರುವ ಗಾಡಿಯನ್ನು "ವ್ರೂಂ" ಎಂದು ನೆಲದ ಮೇಲೆ ತಳ್ಳಕೂಡದು. ಅಂಥ ಗಾಡಿಗಳ ಬೆನ್ನಿಗೆ ಕೆಂಪು ತುಂಡು ಸಿಕ್ಕಿಸಿದ್ದೇನೆ. ಕೆಂಪು ಕಂಡರೆ ಕೈ ಹಿಂದೆ.

"ಟಕ್ ಟಕ್ ಟಕ್" ಎಂಬ ಸದ್ದು ಬಂದರೆ ಹೆದರಬೇಡಿ, ಆದರೆ ಕೂಡಲೆ ನಿಲ್ಲಿಸಿ. 24 ಹಲ್ಲಿನ ಬಿಳಿ ಗಿಯರೊಂದಿದೆ, ಅಳತೆ ಮೀರಿ ಬಲ ಬಿದ್ದರೆ ಒಳಗೇ ಜಾರುವಂತೆ ಮಾಡಿದ್ದಾರೆ. ಎಷ್ಟು ಬಲಕ್ಕೆ ಜಾರಬೇಕೆಂದು ಅದರ ಮೈಮೇಲೇ ಅಚ್ಚು ಹಾಕಿದ್ದಾರೆ, ಕನ್ನಡಕ ಹಾಕಿ ನೋಡಿ. 2008ರಿಂದ ಬಂದ ತಿರುಪಿನ ಜಾಕುಗಳೂ ತುದಿ ಮುಟ್ಟಿದಾಗ ಹಾಗೇ ಸದ್ದು ಮಾಡುತ್ತವೆ. "ಸಾಕು" ಎಂದು ಗಾಡಿ ಹೇಳುವ ರೀತಿ ಅದು.

ರಸ್ತೆಯಲ್ಲಿ ನೋಡಬೇಕಾದ್ದು

ಪುಸ್ತಕ ನೋಡಿ ಕಟ್ಟಲು ಕಲಿತವರು ರಸ್ತೆ ನೋಡಿ ಕಟ್ಟಲು ಕಲಿಯಬೇಕು. ಬಿ.ಸಿ.ರೋಡಿನಿಂದ ಅಡ್ಡಹೊಳೆಗೆ ಹೆದ್ದಾರಿ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆಯಿತು. ಕಲ್ಲಡ್ಕದಲ್ಲಿ ಫ್ಲೈಓವರ್ ಏಳುವಾಗ ಜನ ಧೂಳಿಗೆ ಶಾಪ ಹಾಕಿದರು, ನಾನೂ ಹಾಕಿದೆ. ಆದರೆ ಅಲ್ಲಿಯ ಕೆಟಿ (ಕಲ್ಲಡ್ಕ ಟೀ) ಕುಡಿಯುವ ನೆಪದಲ್ಲಿ ನಿಂತು ಹಿಟಾಚಿಯನ್ನು ನೋಡಿದಷ್ಟು ನಾನು ಬೇರೆ ಯಾವುದನ್ನೂ ನೋಡಿಲ್ಲ. ನಮ್ಮಲ್ಲಿ ಪಟ್ಟಿಯ ಮೇಲೆ ಹೋಗುವುದೆಲ್ಲ ಹಿಟಾಚಿ, ಯಾವ ಕಂಪನಿಯದಾದರೂ. ಚಕ್ರದ್ದೆಲ್ಲ ಜೆಸಿಬಿ. ನೋಡಬೇಕಾದ್ದು ಬಕೆಟ್ಟನ್ನಲ್ಲ. ತೋಳಿಗೆ ಎಷ್ಟು ಸಿಲಿಂಡರ್, ಬಕೆಟ್ಟಿಗೆ ಎಲ್ಲಿಂದ ಸಲಾಕೆ ಬರುತ್ತದೆ, ಮೈ ತಿರುಗಿದಾಗ ಎಣ್ಣೆಯ ಪೈಪುಗಳು ಯಾಕೆ ಸುತ್ತಿಕೊಳ್ಳುವುದಿಲ್ಲ, ಇದನ್ನು. ದೂರ ನಿಂತು ನೋಡಬೇಕು. ತೋಳು ತಿರುಗುವ ಸುತ್ತಳತೆಯೊಳಗೆ, ಆಪರೇಟರನ ಬೆನ್ನ ಹಿಂದೆ, ಮಕ್ಕಳನ್ನು ಕರೆದುಕೊಂಡು ಹೋಗಿ ನಿಲ್ಲಕೂಡದು.

ಗ್ಯಾರೇಜಿನಲ್ಲಿ ಬಸ್ಸು ಹೊಂಡದ ಮೇಲೆ ನಿಂತಿದ್ದರೆ ಮೇಸ್ತ್ರಿಯವರನ್ನು ಕೇಳಿ ಅಡಿಯಿಂದ ನೋಡಬೇಕು. ಗಿಯರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಶಾಫ್ಟು, ಅದರ ಎರಡು ತುದಿಯ ಕ್ರಾಸು, ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿದ ಹೌಸಿಂಗ್. ಆ ಕುಂಬಳಕಾಯಿಯ ಒಳಗೆ ಡಿಫರೆನ್ಷಿಯಲ್ ಇರುವುದು. ಇಲ್ಲಿ ಮೇಜಿನ ಮೇಲಿರುವ ಬಸ್ಸಿನಲ್ಲಿ ಅದನ್ನು ತೆರೆದಿಟ್ಟಿದ್ದೇನೆ. ಶಾಫ್ಟನ್ನು ಒಂದು ಕೈಯಲ್ಲಿ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಎಡಚಕ್ರ ಹಿಡಿಯಿರಿ. ಬಲಚಕ್ರ ಎರಡು ಪಟ್ಟು ಜೋರಾಗಿ ತಿರುಗುತ್ತದೆ. ತಿರುವಿನಲ್ಲಿ ಒಳಗಿನ ಚಕ್ರಕ್ಕೆ ದಾರಿ ಕಮ್ಮಿ, ಹೊರಗಿನದಕ್ಕೆ ಜಾಸ್ತಿ. ಡಿಫರೆನ್ಷಿಯಲ್ ಇಲ್ಲದೆ ಎರಡು ಚಕ್ರಗಳನ್ನೂ ಒಂದೇ ಆಕ್ಸಲಿಗೆ ಕಟ್ಟಿಹಾಕಿದ ಗಾಡಿ ಸಿದ್ದಕಟ್ಟೆಯ ರಸ್ತೆಯ ಮೊದಲ ತಿರುವಿನಲ್ಲೇ ಟೈರು ಉಜ್ಜಿಕೊಳ್ಳುತ್ತದೆ.

ಇನ್ನು ರಥ. ಇದನ್ನು ಹೇಳಿದರೆ ಉಜಿರೆಯ ಭಾವ ನಗುತ್ತಾರೆ, ಆದರೂ ಹೇಳುತ್ತೇನೆ. ಧರ್ಮಸ್ಥಳದ ತೇರಿಗೆ ಹೋದವರು ಕೈಮುಗಿದ ಮೇಲೆ ಒಮ್ಮೆ ಚಕ್ರವನ್ನೂ ನೋಡಬೇಕು. ಸ್ಟಿಯರಿಂಗ್ ಇಲ್ಲ, ಬ್ರೇಕಿಲ್ಲ, ಡಿಫರೆನ್ಷಿಯಲ್ ಬೇಕಾಗಿಯೇ ಇಲ್ಲ, ಯಾಕೆಂದರೆ ಬಲ ಬರುವುದು ಚಕ್ರದಿಂದಲ್ಲ, ಹಗ್ಗದಿಂದ. ಚಕ್ರಗಳು ಅಚ್ಚಿನ ಮೇಲೆ ತಮ್ಮ ತಮ್ಮಷ್ಟಕ್ಕೆ ಸುತ್ತುತ್ತವೆ. ಚಕ್ರದ ಬುಡಕ್ಕೆ ಮರದ ಕೊರಡು ಕೊಡುವ ಇಬ್ಬರೋ ಮೂವರೋ ಇರುತ್ತಾರಲ್ಲ, ತಿರುಗಿಸುವವರೂ ನಿಲ್ಲಿಸುವವರೂ ಅವರೇ. ಕೊರಡು ಕೊಟ್ಟು ಕೈ ಹಿಂದಕ್ಕೆಳೆಯುವ ಆ ಒಂದು ಕ್ಷಣದ ಲೆಕ್ಕಾಚಾರವನ್ನು ಯಾವ ಡಬ್ಬಿಯಲ್ಲೂ ಹಾಕಿ ಕೊಡಲಾಗುವುದಿಲ್ಲ. ಒಮ್ಮೆ ನಾನು ರಥ ಕಟ್ಟಿದೆ, ಮಕ್ಕಳಿಗೆ ಹಗ್ಗ ಕೊಟ್ಟೆ. ಮೂರನೆಯ ಎಳೆತಕ್ಕೆ ಅದು ಗೋಡೆಗೆ ಹೋಗಿ ಹೊಡೆಯಿತು. ಕೊರಡಿನವರನ್ನು ಮರೆತಿದ್ದೆ.

ಧರ್ಮಸ್ಥಳದಲ್ಲಿ ಊಟ ಮುಗಿಸಿ ನೇರ ಬಸ್‌ಸ್ಟ್ಯಾಂಡಿಗೆ ಬರುವವರಿಗೆ ಈ ಕೋಣೆಗೆ ಪ್ರವೇಶವಿಲ್ಲ. ಅಲ್ಲೇ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಹೋಗಿ ನೋಡಬೇಕು. ಕಾರಿನ ಮುಂದೆ ನಿಂತು ಫೋಟೊ ಹೊಡೆದು ಮುಂದಿನದಕ್ಕೆ ಓಡಬಾರದು. ಸ್ವಲ್ಪ ಬಗ್ಗಿ ಸ್ಪ್ರಿಂಗ್ ಪ್ಲೇಟುಗಳನ್ನು, ಸ್ಟಿಯರಿಂಗಿನ ಸಲಾಕೆಗಳನ್ನು ನೋಡಬೇಕು. ಹಳೆ ಕಾರಿನಲ್ಲಿ ಇವು ಮುಚ್ಚಿಟ್ಟದ್ದಲ್ಲ, ಕಣ್ಣಿಗೆ ಕಾಣುತ್ತವೆ. ಮುಟ್ಟಬಾರದು. ಅಲ್ಲಿಯ ನಿಯಮ ಅದು, ಇಲ್ಲಿ ಕೇಳಿ ಮುಟ್ಟಬಹುದು.

ಎಣ್ಣೆ, ನೀರು, ಬಿಸಿಲು, ಅಂಟು

ಎಣ್ಣೆ ಹಾಕಕೂಡದು. ತೆಂಗಿನೆಣ್ಣೆ, ಹೊಲಿಗೆ ಮೆಷಿನ್ನಿನ ಎಣ್ಣೆ, ಗ್ರೀಸು, ಯಾವುದೂ ಕೂಡದು. ಉಜಿರೆಯ ಭಾವ ಒಮ್ಮೆ ನಾನಿಲ್ಲದ ಹೊತ್ತಿನಲ್ಲಿ, ಕ್ರೇನು ಕಿರ್ರೆನ್ನುತ್ತದೆ ಪಾಪ ಎಂದು, ಅಡಿಗೆಮನೆಯಿಂದ ಎರಡು ಚಮಚ ತೆಂಗಿನೆಣ್ಣೆ ತಂದು ಗಿಯರ್‌ಬಾಕ್ಸಿಗೆ ಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ. ಸಂಜೆ ನಾನು ಬಂದು ನೋಡಿದಾಗ ಕಿರ್ರೆನ್ನುತ್ತಿರಲಿಲ್ಲ ನಿಜ. ಕ್ರೇನಿನ ತೋಳಿನ ಮೇಲೆ ಇರುವೆಗಳ ಸಾಲು ಹೊರಟಿತ್ತು, ಕಿಟಕಿಯಿಂದ ಕ್ಯಾಬಿನ್ನಿನವರೆಗೆ. ಕಪ್ಪು ಪಿನ್ನುಗಳ ಬಿಗಿ ಹೋಗಿ ತೋಳು ಜೋತುಬಿದ್ದಿತ್ತು. ನಾನೂರು ಚಿಲ್ಲರೆ ತುಂಡು ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಿದೆವು. ಭಾವ ಅವತ್ತಿನಿಂದ ಕೋಣೆಗೆ ಬಂದರೆ ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಾರೆ.

ತೊಳೆಯುವುದಾದರೆ ಉಗುರುಬೆಚ್ಚಗಿನ ನೀರು, 40 ಡಿಗ್ರಿ ದಾಟಬಾರದು. ಬಚ್ಚಲ ಹಂಡೆಯ ಬಿಸಿನೀರು ಹೊಯ್ಯಕೂಡದು, ತುಂಡು ಸೊಟ್ಟಗಾಗುತ್ತದೆ. ಮೋಟರು, ಬ್ಯಾಟರಿ ಪೆಟ್ಟಿಗೆ ನೀರಿಗೆ ಹೋಗಕೂಡದು. ತೊಳೆದದ್ದನ್ನು ಅಡಿಕೆ ಒಣಗಿಸಿದ ಹಾಗೆ ಅಂಗಳದಲ್ಲಿ ಹರಡಬಾರದು. ಬಿಸಿಲಿಗೆ ಬಿಳಿ ಹಳದಿಯಾಗುತ್ತದೆ, ನೀಲಿ ಮಂಕಾಗುತ್ತದೆ. ನೆರಳಲ್ಲಿ, ಫ್ಯಾನಿನಡಿ.

ಮಳೆಗಾಲದಲ್ಲಿ ಬ್ಯಾಟರಿ ಸೆಲ್ಲುಗಳನ್ನು ತೆಗೆದಿಡಬೇಕು. ಜೂನಿನಲ್ಲಿ ಮರೆತು ದೀಪಾವಳಿಗೆ ತೆಗೆದು ನೋಡಿದರೆ ಸೆಲ್ಲು ಸೋರಿ ಲೋಹದ ಪಟ್ಟಿಗಳು ಹಸಿರುಗಟ್ಟಿರುತ್ತವೆ. ರಬ್ಬರ್ ಬ್ಯಾಂಡುಗಳನ್ನು ಕಳಚಿಡಬೇಕು. ನಮ್ಮ ಹವೆಯಲ್ಲಿ ಅವು ಮೊದಲು ಅಂಟಂಟಾಗಿ ಆಮೇಲೆ ತುಂಡಾಗುತ್ತವೆ. ಧೂಳಿಗೆ ಪೇಂಟಿನ ಮೆತ್ತನೆಯ ಬ್ರಷ್ಷು ಸಾಕು. ತಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ಇವುಗಳ ಹೆಸರೂ ಎತ್ತಬಾರದು. ಪ್ಲಾಸ್ಟಿಕ್ ಕರಗುತ್ತದೆ.

ಅಂಟು ಹಾಕಕೂಡದು. ಹಾಕಿದವರನ್ನು ಮತ್ತೆ ಕರೆಯುವುದಿಲ್ಲ. ಬಿಚ್ಚಲಿಕ್ಕಾಗದ ಗಾಡಿ ಮತ್ತೊಂದು ಗಾಡಿಯಾಗುವುದಿಲ್ಲ. ನಿಲ್ಲುವುದಿಲ್ಲ ಅಂದರೆ ಆಸರೆ ತಪ್ಪಿದೆ ಎಂದರ್ಥ, ಹೋಗಿ ಆಸರೆ ಹುಡುಕಿ. ಲೆಗೊದವರು 2018ರಲ್ಲಿ ಅದೇ ಶಿರಾನ್ ಕಾರನ್ನು ನಿಜವಾದ ಅಳತೆಯಲ್ಲಿ, ಉಕ್ಕಿನ ಚೌಕಟ್ಟಿನ ಮೇಲೆ, ಹತ್ತು ಲಕ್ಷಕ್ಕೂ ಹೆಚ್ಚು ಟೆಕ್ನಿಕ್ ತುಂಡುಗಳಿಂದ ಕಟ್ಟಿದರು. ಒಳಗೆ 2304 ಆಟಿಕೆ ಮೋಟರುಗಳು. ಮನುಷ್ಯ ಕೂತು ಓಡಿಸಿದ, ಗಂಟೆಗೆ 20 ಕಿಲೋಮೀಟರ್ ದಾಟಿತು. ತುಂಡಿಗೆ ತುಂಡು ಸೇರಿಸಲು ಅಂಟು ಬಳಸಿರಲಿಲ್ಲ. ಬುಗಾಟಿಯ ಬಗ್ಗೆ ಮೇಲೆ ಹೇಳಿದ್ದನ್ನು ಈ ಒಂದರ ಮಟ್ಟಿಗೆ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಕೊಡುವುದು, ತೆಗೆದುಕೊಳ್ಳುವುದು

ಗಾಡಿಗಳನ್ನು ಪ್ರದರ್ಶನಕ್ಕೆ ಕೊಡುವುದನ್ನು ನಿಲ್ಲಿಸಿದ್ದೇನೆ. ಹಿಂದೆ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಬಸ್ಸು ಕೊಟ್ಟಿದ್ದೆ, ಹೆಸರು ಬೇಡ. ಎರಡು ದಿನ ಬಿಟ್ಟು ವಾಪಸು ಬಂತು. ಹೊರಗಿನಿಂದ ಒಂದು ಗೀರೂ ಇರಲಿಲ್ಲ. ಮೇಜಿನ ಮೇಲೆ ತಳ್ಳಿದರೆ ಹಿಂದಿನ ಚಕ್ರಗಳು ತಿರುಗಿದವು, ಶಾಫ್ಟು ತಿರುಗಲಿಲ್ಲ. ಡಿಫರೆನ್ಷಿಯಲಿನೊಳಗಿನ 12 ಹಲ್ಲಿನ ಪುಟ್ಟ ಗಿಯರೊಂದು ಇರಲಿಲ್ಲ. ಕಿರುಬೆರಳ ಉಗುರಿನಷ್ಟು ತುಂಡು. ತೆಗೆದ ಮಗು ಯಾವುದೋ ಗೊತ್ತಿಲ್ಲ, ಆದರೆ ಅಷ್ಟೆಲ್ಲ ತುಂಡುಗಳಲ್ಲಿ ಅದನ್ನೇ ಆರಿಸಿತಲ್ಲ, ಆ ಮಗು ಒಮ್ಮೆ ಇಲ್ಲಿಗೆ ಬರಬೇಕು ಎಂದು ನನಗೆ ಆಸೆ ಉಂಟು. ಶಾಲೆಯವರು ಬೇಕಾದರೆ ಮಕ್ಕಳನ್ನೇ ಇಲ್ಲಿಗೆ ಕರೆತರಬಹುದು, ಒಮ್ಮೆಗೆ ಎಂಟು ಮಂದಿ, ಚಪ್ಪಲಿ ಹೊರಗೆ.

ಬಿಡಿ ತುಂಡು ಸಾಲ ಕೊಡುತ್ತೇನೆ, ಪುಸ್ತಕದಲ್ಲಿ ಬರೆದು. ಮೂಡುಬಿದಿರೆಯವರು ಕಳೆದ ವರ್ಷ ಒಯ್ದ 40 ಹಲ್ಲಿನ ಎರಡು ಗಿಯರು ಇನ್ನೂ ಬಂದಿಲ್ಲ. ಯಾರೆಂದು ಅವರಿಗೆ ಗೊತ್ತು.

ಜಗಳ ಮಾಡಬಾರದು. ಒಂದು ಗಾಡಿಗೆ ಇಬ್ಬರಿಗಿಂತ ಹೆಚ್ಚು ಮಂದಿ ಕೂರಬಾರದು. ಕಟ್ಟುತ್ತಿರುವವರ ಕೈಯಿಂದ ಕಿತ್ತುಕೊಂಡು "ಹೀಗೆ ಮಾಡಬೇಕು" ಎಂದು ತೋರಿಸಬಾರದು. ಈ ಕೊನೆಯದು ನನಗೂ ಅನ್ವಯ ಎಂದು ಮಕ್ಕಳು ಪೆನ್ಸಿಲಿನಲ್ಲಿ ಇಲ್ಲಿ ಬರೆದಿದ್ದಾರೆ. ಅಳಿಸಿಲ್ಲ.

ಕೋಣೆಯಿಂದ ಹೊರಡುವಾಗ ಎಲ್ಲರೂ ಅಂಗಿಯ, ಚಡ್ಡಿಯ ಜೇಬು ಹೊರಕ್ಕೆ ಮಗುಚಿ ತೋರಿಸತಕ್ಕದ್ದು. ಕಳ್ಳತನ ಎಂದು ಯಾರೂ ಹೇಳುತ್ತಿಲ್ಲ. ಕಟ್ಟುವ ಭರದಲ್ಲಿ ಪಿನ್ನುಗಳನ್ನು ಜೇಬಿಗೆ ಹಾಕಿಕೊಳ್ಳುವುದು ಎಲ್ಲರ ಅಭ್ಯಾಸ. ಹೋದ ವಾರ ವಾಷಿಂಗ್ ಮೆಷಿನ್ನಿನ ಜಾಲರಿಯಲ್ಲಿ ಏಳು ಕಪ್ಪು ಪಿನ್ನು, ಒಂದು ಬುಷ್ ಸಿಕ್ಕಿದವು. ಅವು ನನ್ನದೇ ಅಂಗಿಯವು.